ಗಡಿಯಲ್ಲಿ ಸೇನೆ ನಿಂತಿದೆ, ದೊಡ್ಡ ದೇಶಗಳು ಮಾತಾಡುತ್ತಿವೆ: ಕಾಯಲೇ, ಹೊರಡಲೇ?

"ಪಕ್ಕದ ದೇಶ ಗಡಿಗೆ ಸೇನೆ ತಂದಿದೆ. ಆದರೆ ವಿಶ್ವಸಂಸ್ಥೆ ಸಭೆ ಕರೆದಿದೆ, ಅಮೆರಿಕ, ಯುರೋಪಿನವರು ಮಧ್ಯೆ ಬಂದಿದ್ದಾರೆ. ಮಾತುಕತೆ ಏನಾಗುತ್ತದೋ ನೋಡಿಕೊಂಡು ಟಿಕೆಟ್ ಮಾಡಿಸೋಣ ಅಂತಿದ್ದೇನೆ. ತೀರಾ ಕೆಟ್ಟರೆ ನಮ್ಮ ರಾಯಭಾರ ಕಚೇರಿ ಇದ್ದೇ ಇದೆಯಲ್ಲ?" ಅಂತ ವಿದೇಶದಲ್ಲಿ ಓದುತ್ತಿರುವ ನೀವು ಕೇಳಿದ್ದೀರಿ. 2022ರ ಫೆಬ್ರುವರಿಯಲ್ಲಿ ದಾವಣಗೆರೆಯಲ್ಲಿದ್ದ ಅಪ್ಪನಿಗೆ ನಾನು ಫೋನಿನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಆಗ ನಾನು ಉಕ್ರೇನಿನ ಖಾರ್ಕಿವ್‌ನಲ್ಲಿ ಮೂರನೇ ವರ್ಷದ ಎಂಬಿಬಿಎಸ್ ಓದುತ್ತಿದ್ದೆ. ಆ ಊರಿಂದ ರಷ್ಯಾದ ಗಡಿ ಬರೀ 40 ಕಿಲೋಮೀಟರ್.

ನಮಗೇನೂ ಹೆದರಿಕೆ ಇರಲಿಲ್ಲ ಅಂದರೆ ನಂಬುತ್ತೀರಾ? ಸೀನಿಯರ್‌ಗಳು "ಇದು 2014ರಿಂದ ಇರೋದೇ ಕಣೋ" ಅನ್ನುತ್ತಿದ್ದರು. ಅದು ಸುಳ್ಳೂ ಅಲ್ಲ. ಕ್ರೈಮಿಯಾವನ್ನು ರಷ್ಯಾ ಸೇರಿಸಿಕೊಂಡಿತ್ತು, ಪೂರ್ವದ ದೊನೆತ್ಸ್ಕ್ ಕಡೆ ಜಗಳ ನಡೆದೇ ಇತ್ತು, ಅದನ್ನು ನಿಲ್ಲಿಸಲು ಮಿನ್ಸ್ಕ್ ಒಪ್ಪಂದ ಅಂತ ಎರಡು ಸಲ ಆಗಿತ್ತು, ಖಾರ್ಕಿವ್‌ನಲ್ಲಿ ಮಾತ್ರ ಟ್ರಾಮ್ ಓಡಾಡುತ್ತಲೇ ಇತ್ತು. ಅಧ್ಯಕ್ಷ ಝೆಲೆನ್‌ಸ್ಕಿಯೇ ಜನವರಿ ಕೊನೆಯಲ್ಲಿ, ಜನರಲ್ಲಿ ಗಾಬರಿ ಹುಟ್ಟಿಸಬೇಡಿ ಅಂತ ಪಶ್ಚಿಮದ ದೇಶಗಳಿಗೆ ಹೇಳಿದ್ದರು. ದೇಶ ಆಳುವವರೇ ಹಾಗೆ ಹೇಳುವಾಗ ಹಾಸ್ಟೆಲ್ ಹುಡುಗ ಹೆದರಿ ಓಡುವುದು ಹೇಗೆ?

ಇಲ್ಲಿಂದ ಮುಂದಿನದನ್ನು ಸ್ವಲ್ಪ ಎಳೆದು ಬರೆಯುತ್ತೇನೆ, ಯಾಕೆಂದರೆ ನನ್ನನ್ನು ಮುಳುಗಿಸಿದ್ದು ಇದೇ ಲೆಕ್ಕಾಚಾರ, ನೀವೂ ಈಗ ಅದನ್ನೇ ಮಾಡುತ್ತಿದ್ದೀರಿ. ಫೆಬ್ರುವರಿ 7ಕ್ಕೆ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಮಾಸ್ಕೋಗೆ ಹೋದರು. 15ಕ್ಕೆ ಜರ್ಮನಿಯ ಆಗಿನ ಚಾನ್ಸಲರ್ ಷೋಲ್ಜ್ ಹೋದರು. ಅವತ್ತೇ ರಷ್ಯಾ ಕೆಲವು ತುಕಡಿಗಳನ್ನು ವಾಪಸ್ ಕರೆಸಿಕೊಳ್ಳುತ್ತಿದ್ದೇವೆ ಎಂದಿತು. ಅವತ್ತೇ ಕೀವ್‌ನ ನಮ್ಮ ರಾಯಭಾರ ಕಚೇರಿ, ಇರಲೇಬೇಕಾದ ಅಗತ್ಯವಿಲ್ಲದ ಭಾರತೀಯರು, ಅದರಲ್ಲೂ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ಬಿಡುವ ಬಗ್ಗೆ ಯೋಚಿಸಿ ಎಂಬ ಸೂಚನೆ ಹೊರಡಿಸಿತು. ಒಂದೇ ದಿನ ಎರಡು ಸುದ್ದಿ. ನಾನು ನಂಬಿದ್ದು ಮಾಸ್ಕೋದ್ದನ್ನು.

ಆಮೇಲೆ ಏರ್ ಇಂಡಿಯಾ ಕೀವ್‌ನಿಂದ 22, 24, 26ಕ್ಕೆ ವಿಮಾನ ಹಾಕಿತು. ನನ್ನ ರೂಮ್‌ಮೇಟ್ 22ರದ್ದಕ್ಕೆ ಮಾಡಿಸಿದ, ನಾನು 26ರದ್ದಕ್ಕೆ. ಯಾಕೆ ಗೊತ್ತೇ? ಆಗಿನ ವಿದೇಶಾಂಗ ಸಚಿವರಾದ ಅಮೆರಿಕದ ಬ್ಲಿಂಕೆನ್, ರಷ್ಯಾದ ಲಾವ್ರೋವ್ 24ಕ್ಕೆ ಭೇಟಿಯಾಗುತ್ತಾರೆ ಅಂತ ನಿಗದಿಯಾಗಿತ್ತು. ಬೈಡನ್–ಪುಟಿನ್ ಶೃಂಗಸಭೆಗೂ ತಾತ್ವಿಕ ಒಪ್ಪಿಗೆ ಸಿಕ್ಕಿದೆ ಅಂತ ಫ್ರಾನ್ಸ್ ಹೇಳಿತ್ತು. ಸರಿ, 24ರ ಭೇಟಿ ಮುಗಿಯುವವರೆಗೆ ಯಾರೂ ಗುಂಡು ಹಾರಿಸುವುದಿಲ್ಲ, ಮಾತು ಮುರಿದರೂ ಎರಡು ದಿನ ಸಿಗುತ್ತದೆ, 26ಕ್ಕೆ ಹಾರಿದರಾಯಿತು ಅಂತ ನಾನು ಕೂಡಿ ಕಳೆದು ನೋಡಿದ್ದೆ. ಜೊತೆಗೆ ಎನ್‌ಬಿ, ಅಂದರೆ ಗೈರುಹಾಜರಿ ಗುರುತಿನ ಭಯ. ಅಲ್ಲಿ ಓದಿದವರಿಗೆ ಗೊತ್ತು, ಕ್ಲಾಸ್ ತಪ್ಪಿದರೆ ಎನ್‌ಬಿ ಬೀಳುತ್ತದೆ, ಒಂದೊಂದನ್ನೂ ಆಮೇಲೆ ಟೀಚರ್ ಹಿಂದೆ ಅಲೆದು ತೀರಿಸಬೇಕು. ಮೂರನೇ ವರ್ಷಕ್ಕೆ ಕ್ರೋಕ್ ಅನ್ನುವ ಅಲ್ಲಿನ ಕಡ್ಡಾಯ ವೈದ್ಯಕೀಯ ಪರೀಕ್ಷೆ ಬೇರೆ ತಲೆಯ ಮೇಲಿತ್ತು. ನಾಲ್ಕು ದಿನ ಮೊದಲೇ ಹೋಗಿ ನಾಲ್ಕು ದಿನದ ಎನ್‌ಬಿ ಯಾಕೆ ಹಾಕಿಸಿಕೊಳ್ಳಲಿ ಅಂದುಕೊಂಡೆ.

21ರ ರಾತ್ರಿ ಪುಟಿನ್ ಪೂರ್ವ ಉಕ್ರೇನಿನ ದೊನೆತ್ಸ್ಕ್, ಲುಹಾನ್ಸ್ಕ್ ಎರಡನ್ನೂ ಸ್ವತಂತ್ರ ದೇಶಗಳೆಂದು ಮಾನ್ಯ ಮಾಡಿದರು. 22ಕ್ಕೆ ಬ್ಲಿಂಕೆನ್ ಭೇಟಿ ರದ್ದು ಮಾಡಿದರು. ನನ್ನ ಲೆಕ್ಕದ ಬುಡವೇ ಅಲ್ಲಿ ಕಳಚಿತ್ತು. ಆಗಲಾದರೂ ಸಿಕ್ಕ ರೈಲು ಹತ್ತಬೇಕಿತ್ತು ತಾನೆ? ಇಲ್ಲ. ಅದೇ ದಿನ ಜರ್ಮನಿ ರಷ್ಯಾದ ಅನಿಲ ತರಬೇಕಿದ್ದ ನಾರ್ಡ್ ಸ್ಟ್ರೀಮ್ 2 ಕೊಳವೆಮಾರ್ಗದ ಅನುಮೋದನೆ ತಡೆಹಿಡಿಯಿತು. ನೋಡಿ, ಹೊಟ್ಟೆಗೇ ಹೊಡೆದಿದ್ದಾರೆ, ಇನ್ನು ಪುಟಿನ್ ಹಿಂದೆ ಸರಿಯಲೇಬೇಕು ಅಂತ ಮೆಸ್ಸಿನಲ್ಲಿ ಕೂತು ನಾನೇ ಭಾಷಣ ಬಿಗಿದೆ. ರಾಯಭಾರ ಕಚೇರಿ ಅವತ್ತು ಮತ್ತೊಂದು ಸೂಚನೆ ಕೊಟ್ಟಿತ್ತು: ಆನ್‌ಲೈನ್ ಕ್ಲಾಸಿನ ಬಗ್ಗೆ ಯೂನಿವರ್ಸಿಟಿಯ ಅಧಿಕೃತ ಮಾತಿಗೆ ಕಾಯಬೇಡಿ, ಹೊರಡಿ ಅಂತ. ಇದಕ್ಕಿಂತ ಬಿಡಿಸಿ ಹೇಳುವುದು ಸಾಧ್ಯವೇ? ಅದನ್ನು ಗ್ರೂಪಿಗೆ ಫಾರ್ವರ್ಡ್ ಮಾಡಿ ಮಲಗಿದೆ.

24ರ ನಸುಕಿನಲ್ಲಿ ಸದ್ದು ಕೇಳಿತು. ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಭದ್ರತಾ ಮಂಡಳಿಯ ತುರ್ತು ಸಭೆ ನಡೆಯುತ್ತಿತ್ತು. ಆ ತಿಂಗಳು ಮಂಡಳಿಯ ಅಧ್ಯಕ್ಷತೆ ರಷ್ಯಾದ್ದೇ. ಸಭೆಯಲ್ಲಿ ಒಬ್ಬೊಬ್ಬರೇ ಹೇಳಿಕೆ ಓದುತ್ತಿರುವಾಗಲೇ ಮಾಸ್ಕೋದಲ್ಲಿ ಪುಟಿನ್ ಟಿವಿಗೆ ಬಂದು 'ವಿಶೇಷ ಸೇನಾ ಕಾರ್ಯಾಚರಣೆ' ಘೋಷಿಸಿದರು. ಉಕ್ರೇನಿನ ಆಕಾಶ ಮುಚ್ಚಿತು. ದೆಹಲಿಯಿಂದ ಹೊರಟಿದ್ದ 24ರ ವಿಮಾನ ಅರ್ಧ ದಾರಿಯಲ್ಲೇ ವಾಪಸ್ ತಿರುಗಿತು. ನನ್ನ 26ರ ಟಿಕೆಟ್ ಈಗಲೂ ಇಮೇಲಿನಲ್ಲಿದೆ.

ಆಮೇಲಿನದು ನೀವು ಟಿವಿಯಲ್ಲಿ ನೋಡಿರುತ್ತೀರಿ. ಹಾಸ್ಟೆಲಿನ ನೆಲಮಾಳಿಗೆ, ಮೆಟ್ರೋ ನಿಲ್ದಾಣ, ಬ್ರೆಡ್ಡಿಗೆ ಕ್ಯೂ. ಮಾರ್ಚ್ 1ರಂದು ನಮ್ಮ ಹಾವೇರಿ ಕಡೆಯ ವಿದ್ಯಾರ್ಥಿಯೊಬ್ಬರು ಅದೇ ಊರಿನಲ್ಲಿ ಶೆಲ್ ದಾಳಿಗೆ ತೀರಿಕೊಂಡರು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ.

ಬರೆಯಬೇಕಾದ್ದು ಜಗತ್ತು ಏನು ಮಾಡಿತು ಅನ್ನುವುದರ ಬಗ್ಗೆ, ನಿಮ್ಮ ನಂಬಿಕೆ ಅಲ್ಲಿದೆಯಲ್ಲ. ಫೆಬ್ರುವರಿ 25ಕ್ಕೆ ಭದ್ರತಾ ಮಂಡಳಿಯಲ್ಲಿ ಖಂಡನಾ ನಿರ್ಣಯ ಬಂತು. 11 ದೇಶ ಪರ, ಭಾರತ, ಚೀನಾ, ಯುಎಇ ತಟಸ್ಥ, ರಷ್ಯಾ ಒಂದೇ ವಿರುದ್ಧ. ಆ ಒಂದೇ ವಿಟೊ, ನಿರ್ಣಯ ಅಲ್ಲಿಗೆ ಮುಗಿಯಿತು. ವಿಟೊ ನಡೆಯದ ದಾರಿ ಹಿಡಿದು ವಿಷಯವನ್ನು ಸಾಮಾನ್ಯ ಸಭೆಗೆ ಒಯ್ದರು. ಮಾರ್ಚ್ 2ಕ್ಕೆ ಮತದಾನ: 141 ಪರ, 5 ವಿರುದ್ಧ, 35 ತಟಸ್ಥ. ಕೂಡಲೇ ಸೇನೆ ಹಿಂತೆಗೆಯಿರಿ ಅಂತ ಇಷ್ಟು ದೇಶಗಳು ಒಂದೇ ಸ್ವರದಲ್ಲಿ ಹೇಳಿದ್ದು ಸಣ್ಣ ವಿಷಯವಲ್ಲ, ಒಪ್ಪುತ್ತೇನೆ. ಆದರೆ ಅದೇ ಸಂಜೆ 6ರೊಳಗೆ, ವಾಹನ ಸಿಗದಿದ್ದರೆ ನಡೆದಾದರೂ ಖಾರ್ಕಿವ್ ಬಿಡಿ ಅಂತ ನಮಗೆ ಸೂಚನೆ ಬಂದಿತ್ತು. ನಾವು ಹಿಮದಲ್ಲಿ ಹತ್ತಿರದ ಪಿಸೋಚಿನ್ ಊರಿನ ಕಡೆ ಕಾಲೆಳೆಯುತ್ತಿದ್ದೆವು, ನ್ಯೂಯಾರ್ಕಿನಲ್ಲಿ ಮತ ಎಣಿಸುತ್ತಿದ್ದರು. ಮಾರ್ಚ್ 16ಕ್ಕೆ ಅಂತರರಾಷ್ಟ್ರೀಯ ನ್ಯಾಯಾಲಯವೂ 13–2 ಮತದಿಂದ ಕಾರ್ಯಾಚರಣೆ ನಿಲ್ಲಿಸಿ ಎಂದು ರಷ್ಯಾಕ್ಕೆ ಆದೇಶಿಸಿತು. ಯುದ್ಧ ನಿಂತಿತೇ?

ಇವೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ಬ್ಯಾಂಕುಗಳ ಮೇಲಿನ ನಿರ್ಬಂಧ, ನ್ಯಾಯಾಲಯದ ಆದೇಶ, ಹಿಡಿದ ನೆಲವನ್ನು ಜಗತ್ತು ಒಪ್ಪುತ್ತದೋ ಇಲ್ಲವೋ ಅನ್ನುವ ಪ್ರಶ್ನೆ, ಇವು ವರ್ಷಗಟ್ಟಲೆ ಕೆಲಸ ಮಾಡುತ್ತವೆ. ಅಣ್ವಸ್ತ್ರ ಬಿಟ್ಟುಕೊಟ್ಟ ಉಕ್ರೇನಿಗೆ 1994ರಲ್ಲಿ ಬುಡಾಪೆಸ್ಟಿನಲ್ಲಿ ಗಡಿಯ ಭರವಸೆ ಕೊಟ್ಟವರಲ್ಲಿ ರಷ್ಯಾವೂ ಇತ್ತು. ಆ ಮಾತನ್ನು ಕೇಳುವವರು ಯಾರಾದರೂ ಇರಬೇಕಲ್ಲ. ಆದರೆ ಮೊದಲ ಶೆಲ್ಲನ್ನು ತಡೆಯುವ ಶಕ್ತಿ ಅವಕ್ಕಿಲ್ಲ, ನಿಮ್ಮ ಸೆಮಿಸ್ಟರಿನ ಒಳಗೆ ಅವು ಫಲ ಕೊಡುವುದೂ ಇಲ್ಲ. ಹಾಗಾಗಿ "ಮಾತುಕತೆ ಫಲಿಸುತ್ತದೆಯೇ" ಅಂತ ನೀವು ಕೇಳುತ್ತಿರುವುದೇ ತಪ್ಪು ಪ್ರಶ್ನೆ. ಫಲಿಸಲಿ ಬಿಡಲಿ, ಮಾತುಕತೆಯ ತಾರೀಖಿಗೂ ದಾಳಿಯ ತಾರೀಖಿಗೂ ಸಂಬಂಧವಿಲ್ಲ. ಮಾತುಕತೆ ನಿಗದಿಯಾದ ದಿನವೇ ದಾಳಿ ಆದದ್ದನ್ನು ನಾನು ಕಂಡಿದ್ದೇನೆ.

ನೋಡಬೇಕಾದ್ದು ಸಚಿವರ ಬಾಯನ್ನಲ್ಲ, ರಾಯಭಾರ ಕಚೇರಿಗಳು ತಮ್ಮ ಸ್ವಂತ ಸಿಬ್ಬಂದಿಯನ್ನು ಏನು ಮಾಡುತ್ತಿವೆ ಅನ್ನುವುದನ್ನು. ಅಮೆರಿಕ ಫೆಬ್ರುವರಿ 14ಕ್ಕೇ ಕೀವ್‌ನ ಕಚೇರಿಯನ್ನು ಪಶ್ಚಿಮದ ಲ್ವೀವ್‌ಗೆ ಸಾಗಿಸಿತ್ತು. ಬಾಯಲ್ಲಿ ಮಾತುಕತೆ, ಕೈಯಲ್ಲಿ ಪೆಟ್ಟಿಗೆ. ನಿಮ್ಮ ಊರಲ್ಲಿ ಅಧಿಕಾರಿಗಳ ಹೆಂಡತಿ ಮಕ್ಕಳು ಹೊರಟಿದ್ದಾರೆಯೇ ವಿಚಾರಿಸಿ. ಹೊರಟಿದ್ದರೆ ನೀವು ಆಗಲೇ ತಡ.

ಇನ್ನು "ನಮ್ಮ ರಾಯಭಾರ ಕಚೇರಿ ಇದೆಯಲ್ಲ" ಅನ್ನುವ ಮಾತು. ಇದೆ, ಮತ್ತು ನನಗೆ ಅವರ ಮೇಲೆ ದೂರಿಲ್ಲ. ನಮ್ಮನ್ನು ಕರೆತರಲು ಸರ್ಕಾರ ನಡೆಸಿದ ಆಪರೇಷನ್ ಗಂಗಾದಲ್ಲಿ 90 ವಿಮಾನ ಹಾರಿದವು, ನಾಲ್ವರು ಕೇಂದ್ರ ಸಚಿವರು ನೆರೆಯ ದೇಶಗಳಿಗೆ ಹೋಗಿ ಕೂತರು. ಆದರೆ ವಿಮಾನ ನಿಂತಿದ್ದು ಎಲ್ಲಿ? ಗಡಿಯಾಚೆ, ರೊಮೇನಿಯಾ, ಹಂಗೇರಿ, ಪೋಲೆಂಡ್, ಸ್ಲೊವಾಕಿಯಾದಲ್ಲಿ. ಖಾರ್ಕಿವ್ ಇರುವುದು ದೇಶದ ಪೂರ್ವ ತುದಿಯಲ್ಲಿ. ಇಡೀ ದೇಶ ದಾಟುವುದು ನಮ್ಮ ತಲೆಗೇ ಬಿತ್ತು. ನಾನು ಬಸ್ಸುಗಳಲ್ಲಿ ಹೇಗೋ ರೊಮೇನಿಯಾದ ಗಡಿಯೂರು ಸಿರೆತ್ ಮುಟ್ಟಿದೆ. ವೀಸಾ ಕೇಳದೆ ಒಳಗೆ ಬಿಟ್ಟರು. ಆ ವಾರದ ಅಷ್ಟೂ ರಾಜತಾಂತ್ರಿಕತೆಯಲ್ಲಿ ನನ್ನ ಕೈಗೆ ಸಿಕ್ಕಿದ್ದು ಅದೊಂದು ಮುದ್ರೆ.

ಭಾರತಕ್ಕಾಗಿ ರಷ್ಯಾ ಆರು ಗಂಟೆ ಯುದ್ಧ ನಿಲ್ಲಿಸಿತಂತೆ ಅಂತ ನಿಮಗೂ ಯಾರಾದರೂ ವಾಟ್ಸ್ಆ್ಯಪ್ ಕಳಿಸಿರುತ್ತಾರೆ. ಹಾಗೇನೂ ಆಗಿರಲಿಲ್ಲ, ನಮ್ಮ ವಿದೇಶಾಂಗ ಸಚಿವಾಲಯದ ವಕ್ತಾರರೇ ಆಗ ಅಲ್ಲಗಳೆದಿದ್ದರು. ಯಾವ ಹೊತ್ತಿಗೆ ಎಲ್ಲಿಗೆ ಹೋದರೆ ಒಳ್ಳೆಯದು ಅನ್ನುವ ಮಾಹಿತಿ ಸಿಕ್ಕಿತ್ತು, ಅಷ್ಟೇ. ನಾವು ಮತದಾನದಲ್ಲಿ ತಟಸ್ಥರಾಗಿದ್ದಕ್ಕೆ ನೆಲಮಾಳಿಗೆಯಲ್ಲಿ ನನಗೆ ಸಿಟ್ಟು ಬಂದಿತ್ತು. ಈಗ ಅಷ್ಟಿಲ್ಲ, ಎರಡೂ ಕಡೆ ಫೋನ್ ಎತ್ತುವವರು ಇದ್ದದ್ದು ಒಳ್ಳೆಯದೇ ಆಯಿತು. ಆದರೆ ಆ ಫೋನಿಗೂ ಮಿತಿ ಇದೆ. ಸುಮಿ ಊರಿನಲ್ಲಿ ಸುಮಾರು 700 ವಿದ್ಯಾರ್ಥಿಗಳು ಸಿಕ್ಕಿಕೊಂಡಿದ್ದರು. ಮಾರ್ಚ್ 7ಕ್ಕೆ ಪ್ರಧಾನಿಯೇ ಪುಟಿನ್, ಝೆಲೆನ್‌ಸ್ಕಿ ಇಬ್ಬರೊಡನೆಯೂ ಮಾತಾಡಿದರು. ಆದರೂ ಅವತ್ತು ಅವರನ್ನು ಹೊರತರಲು ಆಗಲಿಲ್ಲ, ಬಸ್ಸು ಹೊರಟಿದ್ದು ಮರುದಿನ.

ನೀವು ಹೊರಡಿ. ಏನೂ ಆಗದಿದ್ದರೆ ಒಂದು ಟಿಕೆಟ್ ದುಡ್ಡು, ಕೆಲವು ಕ್ಲಾಸು ಹೋಗುತ್ತವೆ, ಅಪ್ಪ ಬೈಯುತ್ತಾರೆ. ನಾನು ಉಳಿದದ್ದಕ್ಕೆ ಓದನ್ನು ಬೇರೆ ದೇಶದಲ್ಲಿ ಮುಂದುವರಿಸಬೇಕಾಯಿತು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕಾಗದಪತ್ರ. ನನ್ನ ಪಿಯುಸಿ ಅಂಕಪಟ್ಟಿಯ ಮೂಲಪ್ರತಿ ಡೀನ್ ಕಚೇರಿಯಲ್ಲೇ ಉಳಿದಿತ್ತು. ನಾಳೆ ಬೆಳಿಗ್ಗೆ ಕ್ಲಾಸಿಗೆ ಹೋಗಬೇಡಿ, ಡೀನ್ ಕಚೇರಿಗೆ ಹೋಗಿ. ಮೂಲ ಅಂಕಪಟ್ಟಿ ಕೇಳಿ ತೆಗೆದುಕೊಳ್ಳಿ, ಈವರೆಗಿನ ಎಲ್ಲ ಸೆಮಿಸ್ಟರಿನ ಟ್ರಾನ್ಸ್‌ಕ್ರಿಪ್ಟಿಗೆ ಸೀಲು ಹಾಕಿಸಿಕೊಳ್ಳಿ. ಬ್ಯಾಂಕಿನಿಂದ ಡಾಲರೋ ಯೂರೋವೋ ನಗದು ತೆಗೆದಿಡಿ, ಏಕೆಂದರೆ ಎಟಿಎಂ ಮೊದಲ ದಿನವೇ ಖಾಲಿ. ಡೀನ್ ಕಚೇರಿಯವರು ಕೊಡಲ್ಲ, ನಾಳೆ ಬಾ ಅಂದರೆ ಅಂಕಪಟ್ಟಿಯ ಫೋಟೋ ಹೊಡೆದುಕೊಂಡು ಬನ್ನಿ, ಟಿಕೆಟ್ ಮಾತ್ರ ಮುಂದೂಡಬೇಡಿ. ಯಾವ ದಿನದ ಟಿಕೆಟ್ ಅಂತ ಕೇಳಿದರೆ, ಸಿಗುವುದರಲ್ಲಿ ಮೊದಲನೆಯದು.