ಇಂಗ್ಲೆಂಡಿನ ರಾಕ್ ಬ್ಯಾಂಡ್ ಕಿಂಗ್ ಕ್ರಿಮ್ಸನ್ ಮೇಲೆ ಯಾವುದರದ್ದೆಲ್ಲಾ ಪ್ರಭಾವ ಉಂಟು, ಅವರು ನುಡಿಸುವ ಸ್ಟೈಲ್ ಎಂತದ್ದು?
ಬರೀ ರಾಕ್ ಅಂತ ಕೇಳ್ಲಿಕ್ಕೆ ಕೂತ್ರೆ ತಲೆಬುಡ ಅರ್ಥ ಆಗ್ಲಿಕ್ಕಿಲ್ಲ ಮಾರಾಯ್ರೆ. 1969ರ ಮೊದಲ ಆಲ್ಬಮ್‌ನಲ್ಲೇ ಜಾಝ್ ಉಂಟು, ಮೆಲ್ಲೊಟ್ರಾನ್ (ಟೇಪಲ್ಲಿ ರೆಕಾರ್ಡ್ ಮಾಡಿದ ಸ್ವರ ನುಡಿಸುವ ಕೀಬೋರ್ಡ್) ಉಂಟು, ಬ್ಯಾಂಡಿನ ಗಿಟಾರಿಸ್ಟ್ ರಾಬರ್ಟ್ ಫ್ರಿಪ್‌ಗೆ ಬಾರ್ಟೋಕ್, ಸ್ಟ್ರಾವಿನ್ಸ್ಕಿ ಅಂತ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕಾರರ ಹುಚ್ಚು ಬೇರೆ, ಬ್ಲೂಸ್ ಮಾತ್ರ ಕಮ್ಮಿ. ನಂಗೆ ಜಾಸ್ತಿ ಇಷ್ಟ 1981ರ ಡಿಸಿಪ್ಲಿನ್ ಆಲ್ಬಮ್, ಅದ್ರಲ್ಲಿ ಇಂಡೋನೇಷ್ಯಾದ ಗಮೆಲಾನ್ ವಾದ್ಯಮೇಳದ ಹಾಗೆ ಫ್ರಿಪ್ ಮತ್ತೆ ಏಡ್ರಿಯನ್ ಬೆಲ್ಯೂ ಎರಡು ಗಿಟಾರ್ ಒಂದರೊಳಗೊಂದು ಹೆಣೀತಾರೆ, ಫ್ರೇಮ್ ಬೈ ಫ್ರೇಮ್ ಹಾಡಿನಲ್ಲಿ ಒಬ್ಬ 14 ಸ್ವರದ ಸುತ್ತು ಹಿಡಿದ್ರೆ ಇನ್ನೊಬ್ಬ ಒಂದು ಬಿಟ್ಟು 13ಕ್ಕೇ ತಿರುಗ್ತಾನೆ, ಹಾಗೆ ಸುತ್ತು ಸುತ್ತಿಗೂ ದೂರ ಆಗಿ ಆಮೇಲೆ ಮತ್ತೆ ಕೂಡ್ತಾರೆ. ನಮ್ಮ ಉಡುಪಿ ಕಡೆ ಯಕ್ಷಗಾನದ ತ್ರಿವುಡೆ ತಾಳಕ್ಕೆ 7 ಎಣಿಸಿ ಅಭ್ಯಾಸ ಇದ್ದವರಿಗೆ ಆ 14 ಕಷ್ಟ ಇಲ್ಲ, 13 ಹಿಡೀಲಿಕ್ಕೇ ಒದ್ದಾಟ. ಇದನ್ನೆಲ್ಲಾ ಫ್ರಿಪ್ ಸ್ಟೇಜಲ್ಲಿ ಆರಾಮವಾಗಿ ಸ್ಟೂಲ್ ಮೇಲೆ ಕೂತೇ ನುಡಿಸ್ತಿದ್ದದ್ದು!