ಉಣ್ಣಿ ಕಚ್ಚಿ ಬರುವ ಲೈಮ್ ರೋಗ ಕೆಲವರಲ್ಲಿ ಚರ್ಮದ ಕಲೆಗೇ ನಿಂತು, ಕೆಲವರಲ್ಲಿ ಕೀಲು, ನರಗಳವರೆಗೂ ಹರಡುವುದೇಕೆ?

ಚಿಕಿತ್ಸೆ ತಡವಾಗುವುದು, ರೋಗಿಯ ರೋಗನಿರೋಧಕ ಶಕ್ತಿ, ಇವೆಲ್ಲ ಕಾರಣಗಳು ಹೌದು. ಆದರೆ ಕಚ್ಚಿದ ಉಣ್ಣಿಯಲ್ಲಿ ಯಾವ ಬ್ಯಾಕ್ಟೀರಿಯಾ ಇತ್ತು ಎಂಬುದೂ ಅಷ್ಟೇ ಮುಖ್ಯ. ಲೈಮ್ ರೋಗಕ್ಕೆ ಕಾರಣ ಬೊರೇಲಿಯಾ ಎಂಬ ಬ್ಯಾಕ್ಟೀರಿಯಾ ಕುಲದ ಒಂದೇ ಪ್ರಭೇದವಲ್ಲ. ಅಮೆರಿಕದಲ್ಲಿ ಪ್ರಧಾನವಾಗಿರುವ ಬರ್ಗ್‌ಡಾರ್ಫೆರಿ ಕೀಲುಗಳನ್ನು ಹೆಚ್ಚು ಕಾಡುತ್ತದೆ. ಯುರೋಪಿನ ಅಫ್ಜೆಲಿಯೈ ಚರ್ಮವನ್ನು, ಗ್ಯಾರಿನಿಯೈ ನರಮಂಡಲವನ್ನು.

ಸ್ವಾರಸ್ಯವಿರುವುದು ಒಂದೇ ಪ್ರಭೇದದೊಳಗಿನ ಭೇದದಲ್ಲಿ. ಬರ್ಗ್‌ಡಾರ್ಫೆರಿಯ ಹೊರಮೈಯಲ್ಲಿ ಓಎಸ್‌ಪಿ-ಸಿ ಎಂಬ ಪ್ರೋಟೀನ್ ಇದೆ. ಸಸ್ತನಿಯ ದೇಹದಲ್ಲಿ ಸೋಂಕು ನೆಲೆಯೂರಲು ಅದು ಬೇಕೇ ಬೇಕು. ಅದರ ಜೀನ್ ತಳಿಯಿಂದ ತಳಿಗೆ ಬಹಳ ಬದಲಾಗುತ್ತದೆ. ಈ ಜೀನ್‌ನ 'ಎ' ಮಾದರಿ ಇರುವ ತಳಿಗಳು ರಕ್ತಕ್ಕಿಳಿದು ದೂರದ ಅಂಗಗಳನ್ನು ತಲುಪುವ ಸಾಧ್ಯತೆ ಹೆಚ್ಚು. ಇನ್ನು ಕೆಲವು ಹೆಚ್ಚಾಗಿ ಕಚ್ಚಿದ ಜಾಗದ ಚರ್ಮದಲ್ಲೇ ಉಳಿಯುತ್ತವೆ.

ಈ ಜೀನ್ ಇರುವುದು ಮುಖ್ಯ ವರ್ಣತಂತುವಿನಲ್ಲಲ್ಲ, ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ತುಣುಕಿನಲ್ಲಿ. 1997ರಲ್ಲಿ ಜೀನೋಮ್ ಪ್ರಕಟವಾದ ಬಿ31 ತಳಿಯಲ್ಲಿ ಇಂಥ ತುಣುಕುಗಳು ಇಪ್ಪತ್ತಕ್ಕೂ ಹೆಚ್ಚಿವೆ. ಪ್ರಯೋಗಾಲಯದಲ್ಲಿ ಬೆಳೆಸುವಾಗ ಅವುಗಳಲ್ಲಿ ಕೆಲವು ಕಳೆದುಹೋದರೆ ಬ್ಯಾಕ್ಟೀರಿಯಾ ಬದುಕಿರುತ್ತದೆ, ಇಲಿಗೆ ಸೋಂಕು ತಗಲಿಸುವ ಶಕ್ತಿ ಮಾತ್ರ ಹೋಗಿರುತ್ತದೆ!

ಚಿಕಿತ್ಸೆಗೆ ತಳಿ ಗುರುತಿಸಬೇಕಿಲ್ಲ. ವೈದ್ಯರು ಲಕ್ಷಣಗಳನ್ನು ನೋಡಿ, ಬೇಕಾದರೆ ರಕ್ತಪರೀಕ್ಷೆ ಮಾಡಿಸಿ, ಡಾಕ್ಸಿಸೈಕ್ಲಿನ್‌ನಂತಹ ಆ್ಯಂಟಿಬಯಾಟಿಕ್ ಕೊಡುತ್ತಾರೆ.