ರೈಟಿಂಗ್ ಪ್ಲೇಸ್‌ಮೆಂಟ್ ಬಗ್ಗೆ ಶಿರಸಿಯ ತಂಗಿಗೆ

ತಂಗೀ, ನಿನ್ನ ಪ್ರಶ್ನೆ ಓದಿದೆ. ಕ್ಯಾಲಿಫೋರ್ನಿಯಾದಲ್ಲಿ ಡಿಗ್ರಿಗೆ ಸೀಟು ಸಿಕ್ಕಿದೆ, ಆಗಸ್ಟಿನಲ್ಲಿ ಹೊರಡಬೇಕು. ಅಷ್ಟರಲ್ಲಿ 'ರೈಟಿಂಗ್ ಪ್ಲೇಸ್‌ಮೆಂಟ್ ಮುಗಿಸಿ' ಅಂತ, ಅಂದರೆ ನಿನ್ನನ್ನು ಯಾವ ಮಟ್ಟದ ಇಂಗ್ಲಿಷ್ ಬರವಣಿಗೆ ಕ್ಲಾಸಿಗೆ ಹಾಕಬೇಕು ಅಂತ ನಿರ್ಧರಿಸುವ ಕೆಲಸ ಮುಗಿಸು ಅಂತ, ಯೂನಿವರ್ಸಿಟಿಯ ಮೇಲ್ ಬಂದಿದೆ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಪಾಸಾದ ಮೇಲೂ ಇದೇಕೆ, ಕೆಳಗಿನ ಕ್ಲಾಸಿಗೆ ಹಾಕಿದರೆ ಮರ್ಯಾದೆ ಹೋಗುವುದಿಲ್ಲವಾ, ಪ್ರಬಂಧ ಬರೆದುಕೊಡುತ್ತೇನೆ ಅನ್ನುವ ಏಜೆಂಟರಿಂದ ಬರೆಸಲಾ ಅಂತ ಕೇಳಿದ್ದೀಯ.

ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಬೇಡ. ಅವರು ಚೆಂದ ಬರೆದರೆ ನಿನ್ನನ್ನು ಮೇಲಿನ ಕ್ಲಾಸಿಗೆ ಹಾಕುತ್ತಾರೆ. ಅಲ್ಲಿ ಕೂತು ಬರೆಯಬೇಕಾದವಳು ನೀನು. ಎಐ ಹತ್ತಿರ ಬರೆಸಿದರೂ ಇದೇ ಕಥೆ.

ನಾನು ಕುಮಟೆಯವಳು. ಇಲ್ಲಿಗೆ ಬಂದು ಬಹಳ ವರ್ಷವಾಯಿತು, ಈಗ ಮೊದಲ ವರ್ಷದವರಿಗೆ ಬರವಣಿಗೆಯ ಇದೇ ಕ್ಲಾಸು ತೆಗೆದುಕೊಳ್ಳುತ್ತೇನೆ. ಇದು ಹೊರದೇಶದವರಿಗಾಗಿ ಇಟ್ಟ ಕ್ಲಾಸು ಅಂದುಕೊಳ್ಳಬೇಡ. ತಮ್ಮ ಹುಡುಗರಿಗೇ ಸರಿಯಾಗಿ ಬರೆಯಲು ಬರುವುದಿಲ್ಲ ಅಂತ ಹಾರ್ವರ್ಡ್‌ನವರು 1874ರಲ್ಲಿ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧ ಸೇರಿಸಿದರು. 1885ರಲ್ಲಿ ಮೊದಲ ವರ್ಷಕ್ಕೇ ಬರವಣಿಗೆಯ ಕೋರ್ಸ್ ತಂದರು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲೂ 1898ರಿಂದ 'ಸಬ್ಜೆಕ್ಟ್ ಎ' ಅಂತ ಬರವಣಿಗೆಯ ಒಂದು ಷರತ್ತಿತ್ತು. ಈಗ ಅದರ ಹೆಸರು ಎಂಟ್ರಿ ಲೆವೆಲ್ ರೈಟಿಂಗ್ ರಿಕ್ವೈರ್‌ಮೆಂಟ್. ಇಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಇದನ್ನು ದಾಟಲೇಬೇಕು.

ಐಇಎಲ್‌ಟಿಎಸ್‌ನಲ್ಲಿ ದೊಡ್ಡ ಪ್ರಬಂಧ ಅಂದರೆ ನಲವತ್ತು ನಿಮಿಷ, ಕನಿಷ್ಠ 250 ಪದ. ಇಲ್ಲಿನ ಕೆಲಸ ಬೇರೆ. ಉದ್ದುದ್ದ ಲೇಖನ ಓದಬೇಕು, ಬರೆದವರು ಹೇಳಿದ್ದು ಎಲ್ಲಿ ಸರಿ, ಎಲ್ಲಿ ಸಡಿಲ ಅಂತ ನೋಡಬೇಕು, ನಿನ್ನ ವಾದ ಕಟ್ಟಬೇಕು, ಬರೆದದ್ದನ್ನು ತಿದ್ದಿ ಮತ್ತೆ ಬರೆಯಬೇಕು. ನೀನು ತಾಳಮದ್ದಳೆ ನೋಡಿಯೇ ಇರುತ್ತೀಯ. ಪದ್ಯ ಭಾಗವತರದ್ದು, ಅರ್ಥ ಅರ್ಥಧಾರಿಯದ್ದು. ಎದುರಿನವರು ಎತ್ತಿದ ಮಾತಿಗೆ ಉತ್ತರ ಕೊಡದೆ ಮುಂದೆ ಹೋದರೆ ಸಭೆ ಒಪ್ಪುವುದಿಲ್ಲ. ಇಲ್ಲಿ ಮೇಷ್ಟ್ರು ನೋಡುವುದೂ ಅದನ್ನೇ. ಪಿಯುಸಿಯಲ್ಲಿ ಗೈಡಿನ ಉತ್ತರ ಬಾಯಿಪಾಠ ಮಾಡಿ ಬರೆದರೆ ಅಂಕ ಬೀಳುತ್ತಿತ್ತು. ಇಲ್ಲಿ ಹಾಗೆ ಬರೆದು ಯಾರ ಮಾತು ಅಂತ ಹೇಳದಿದ್ದರೆ ಅದು ಕಳ್ಳತನ, ಶಿಸ್ತುಕ್ರಮದವರೆಗೂ ಹೋಗುತ್ತದೆ. ನಮ್ಮ ಕಡೆಯ ಮಕ್ಕಳು ಎಡವುವುದು ಗ್ರಾಮರಿನಲ್ಲಿ ಅಲ್ಲ, ಇದರಲ್ಲಿ.

ಯಾವ ಕ್ಲಾಸು ಅಂತ ನಿರ್ಧರಿಸುವ ರೀತಿ ಒಂದೊಂದು ಕಡೆ ಒಂದೊಂದು ಥರ. ಕೆಲವರು ಪ್ರಬಂಧ ಬರೆಸುತ್ತಾರೆ. ಕೆಲವರು ಎಪಿ ಅಂಕ ನೋಡುತ್ತಾರೆ, ಅದು ಇಲ್ಲಿ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ, ನಿನಗಿಲ್ಲ, ಬಿಡು. ಇನ್ನು ಕೆಲವು ಕಡೆ ಕೋರ್ಸುಗಳ ವಿವರ ಕೊಟ್ಟು, ಪ್ರಶ್ನೆ ಕೇಳಿ, ಆಯ್ಕೆ ನಿನಗೇ ಬಿಡುತ್ತಾರೆ. ಮಿಷಿಗನ್‌ನ ಗ್ರ್ಯಾಂಡ್ ವ್ಯಾಲಿ ಸ್ಟೇಟ್‌ನಲ್ಲಿ 1990ರ ದಶಕದಲ್ಲಿ ಶುರುವಾದ ಪದ್ಧತಿ ಇದು. ನನಗೆ ಇದೇ ಇಷ್ಟ. ಒಂದು ಗಂಟೆಯ ಪ್ರಬಂಧ ನೋಡಿ ಹುಡುಗಿಯನ್ನು ಅಳೆಯುವುದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯವರಂತೂ (ಇದು ಆಗಲೇ ಹೇಳಿದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಅಲ್ಲ, ಬೇರೆ) 2018ರಲ್ಲಿ ಪ್ಲೇಸ್‌ಮೆಂಟ್ ಪರೀಕ್ಷೆಯನ್ನೂ, ಡಿಗ್ರಿಗೆ ಲೆಕ್ಕವಾಗದ ರಿಪೇರಿ ಕ್ಲಾಸುಗಳನ್ನೂ ತೆಗೆದುಹಾಕಿದರು. ಅವುಗಳ ಬದಲು ಬಂದವುಗಳಲ್ಲಿ ಸ್ಟ್ರೆಚ್ ಕೋರ್ಸೂ ಒಂದು. ಒಂದು ಸೆಮಿಸ್ಟರಿನ ಪಾಠವನ್ನು ಎರಡಕ್ಕೆ ಹರಡುತ್ತಾರೆ, ಎರಡಕ್ಕೂ ಕ್ರೆಡಿಟ್ ಇದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ ಅಂದೆಯಲ್ಲ, ನಿನಗೆ ಇಂಥದ್ದು ಸಿಕ್ಕರೆ ಕಣ್ಣು ಮುಚ್ಚಿ ತಗೋ. ಎಷ್ಟೋ ಕಡೆ ಎರಡೂ ಸೆಮಿಸ್ಟರಿಗೆ ಅದೇ ಮೇಷ್ಟ್ರು, ಅದೇ ಜೊತೆಗಾರರು ಇರುತ್ತಾರೆ. ಹೊಸ ಊರಿನಲ್ಲಿ ಅದು ಸಣ್ಣ ಲಾಭವಲ್ಲ. ಮರ್ಯಾದೆ ಚಿಂತೆ ಬಿಡು. ಮಗ ಈ ಕ್ಲಾಸು ಸ್ಕಿಪ್ ಮಾಡಿದ ಅಂತ ಯುಗಾದಿ ಊಟದಲ್ಲಿ ಹೇಳಿಕೊಳ್ಳುವವರು ಇಲ್ಲೂ ಇದ್ದಾರೆ, ಕೇಳಿ ನಕ್ಕು ಪಾಯಸ ತಿನ್ನು.

ಬದಲಿಗೆ ಕೋರ್ಸು ಆರಿಸಲು ಸಹಾಯ ಮಾಡುವ ಯೂನಿವರ್ಸಿಟಿಯ ಅಡ್ವೈಸರಿಗೆ ಈಗಲೇ ಮೇಲ್ ಮಾಡಿ ಎರಡು ವಿಷಯ ಕೇಳು. ನನಗೆ ಕೊಡುವ ರೈಟಿಂಗ್ ಕೋರ್ಸಿನ ಕ್ರೆಡಿಟ್ ಡಿಗ್ರಿಗೆ ಸೇರುತ್ತದಾ? ಎಫ್-1 ವಿದ್ಯಾರ್ಥಿ ವೀಸಾಕ್ಕೆ ಪ್ರತಿ ಟರ್ಮಿಗೆ ಬೇಕಾದ 12 ಕ್ರೆಡಿಟ್ ಲೆಕ್ಕಕ್ಕೆ ಬರುತ್ತದಾ? ಯಾವ ಗಡುವಿನೊಳಗೆ, ಯಾವ ಗ್ರೇಡಿನಲ್ಲಿ ಮುಗಿಸಬೇಕು ಅನ್ನುವುದನ್ನೂ ಸೇರಿಸು. ಹಲವು ಕಡೆ ಸಿ ಬರಲೇಬೇಕು, ಇಲ್ಲವಾದರೆ ಮುಂದಿನ ಕೋರ್ಸ್‌ಗಳು ನಿಂತುಬಿಡುತ್ತವೆ.

ಪ್ಲೇಸ್‌ಮೆಂಟ್ ಪ್ರಬಂಧ ನೀನೇ ಬರೆ. ಕಳಿಸುವ ಮೊದಲು ನನಗೂ ತೋರಿಸಬೇಡ. ಅಡ್ವೈಸರ ಉತ್ತರ ಬಂದ ಮೇಲೆ ಕೋರ್ಸಿನ ಹೆಸರು ಹೇಳು, ನೋಡೋಣ.